ಎರಡನೇ ವರ್ಷದ ಪೇಪರ್‌ಗಳನ್ನು ಆರಿಸುವಾಗ ಏನು ನೋಡಬೇಕು?

ಪೆರ್ಲದ ಕಡೆಯಿಂದ ಕಾಸರಗೋಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೀರಿ, ಇತಿಹಾಸ ಮೇಜರ್ (ಮುಖ್ಯ ವಿಷಯ), ಕನ್ನಡ ಮತ್ತು ಅರ್ಥಶಾಸ್ತ್ರ ಮೈನರ್ (ಜೊತೆಗಿನ ವಿಷಯ), ಮನೆಯಲ್ಲಿ ಅಡಿಕೆ ತೋಟದ ಕೆಲಸವೂ ಇದೆ, ಬರುವ ವರ್ಷದ ಪೇಪರ್‌ಗಳನ್ನು ಹೇಗೆ ಆರಿಸಲಿ ಅಂತ ಕೇಳಿದ್ದೀರಿ. ನಾನು ಬದಿಯಡ್ಕದ ಹತ್ತಿರದವಳು. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದಾಗ ಮೊದಲ ಬ್ಯಾಚಿಗೆ ಸೇರಿದೆ. ನಮಗೆ ದಾರಿ ಹೇಳಲು ಸೀನಿಯರ್‌ಗಳೇ ಇರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಪೇಪರಿನ ಹೆಸರು ನೋಡಿ ಆರಿಸಬೇಡಿ. ಅದು ವಾರದ ಯಾವ ದಿನ, ಯಾವ ಗಂಟೆಗೆ ಬರುತ್ತದೆ, ಯಾವ ಭಾಷೆಯಲ್ಲಿ ಪಾಠ ಮಾಡುತ್ತಾರೆ, ಇವೆರಡನ್ನು ಮೊದಲು ಕೇಳಿ. ಮೂರನೇ ಸೆಮಿಸ್ಟರಿನಲ್ಲಿ ನಾನು ಎರಡನ್ನೂ ಕೇಳಲಿಲ್ಲ. ನನಗೆ ಬೇಕಾದ ಎಂಡಿಸಿ (ಮಲ್ಟಿ ಡಿಸಿಪ್ಲಿನರಿ, ಅಂದರೆ ಬಹುವಿಷಯದ ಕೋರ್ಸ್) ಪೇಪರ್ ನನ್ನ ಮೈನರ್ ಇರುವ ಗಂಟೆಗೇ ಬಿತ್ತು. ಉಳಿದದ್ದನ್ನು ತೆಗೆದುಕೊಂಡೆ. ಕ್ಲಾಸಿಗೆ ಹೋಗಿ ಕೂತರೆ ಪಾಠ ಪೂರ್ತಿ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಬಸ್ಸಿನಲ್ಲಿ, ಅಂಗಡಿಯಲ್ಲಿ ಅದೇ ಅಲ್ವಾ. ಆದರೆ ಓದಲು ಬರುವುದಿಲ್ಲ. ವಾಟ್ಸಾಪಿಗೆ ಬಂದ ನೋಟ್ಸನ್ನು ಗೆಳತಿ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ಪುಟಕ್ಕೆ ಅರ್ಧ ಗಂಟೆ. ಇಡೀ ಸೆಮಿಸ್ಟರ್ ಹೀಗೇ ಹೋಯಿತು. ಆ ಸಮಯ ಮೇಜರ್‌ಗೆ ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಇನ್ನು ಲೆಕ್ಕ. ಮೂರು ವರ್ಷಕ್ಕೆ ಮುಗಿಸುವುದಾದರೆ ಒಟ್ಟು 133 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 177. 133ರಲ್ಲಿ ಅರ್ಧದಷ್ಟು ಮೇಜರ್‌ನದ್ದೇ. ಸೆಮಿಸ್ಟರಿಗೆ ಸುಮಾರು 21–22 ಕ್ರೆಡಿಟ್ ಬರುತ್ತದೆ. ಇಲ್ಲಿ ಒಂದು ಗಮನಿಸಿ: ನಾಲ್ಕು ಕ್ರೆಡಿಟ್ ಅಂದರೆ ಎಲ್ಲ ಪೇಪರಿಗೂ ಒಂದೇ ಹೊತ್ತು ಅಲ್ಲ. ಬರೀ ಥಿಯರಿ ಆದರೆ ವಾರಕ್ಕೆ ನಾಲ್ಕು ಗಂಟೆ. ಒಂದು ಕ್ರೆಡಿಟ್ ಪ್ರಾಕ್ಟಿಕಲ್ ಸೇರಿದ್ದರೆ ಅದಕ್ಕೇ ಎರಡು ಗಂಟೆ, ಒಟ್ಟು ಐದು. ಪ್ರಾಕ್ಟಿಕಲ್ ಇರುವ ಪೇಪರ್ ಸಂಜೆಯ ಕೊನೆಯ ಪೀರಿಯಡಿಗೆ ಬಂದರೆ ಪೆರ್ಲದ ಬಸ್ಸು ತಪ್ಪುತ್ತದೆ. ಒಂದು ಹಾಳೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಗೆರೆ ಎಳೆಯಿರಿ. ಮೊದಲು ಬಸ್ಸಿನ ಹೊತ್ತು ತುಂಬಿಸಿ, ಆಮೇಲೆ ಮೇಜರ್, ಆಮೇಲೆ ಮೈನರ್. ಉಳಿದ ಜಾಗದಲ್ಲಿ ಎಂಡಿಸಿ, ವಿಎಸಿ (ವ್ಯಾಲ್ಯೂ ಆಡೆಡ್, ಅಂದರೆ ಮೌಲ್ಯವರ್ಧಿತ ಕೋರ್ಸ್) ಯಾವುದು ಕೂರುತ್ತದೆ ಅಂತ ನೋಡಿ.

ತೋಟದ ವಿಷಯ. ಮೂರನೇ ಸೆಮಿಸ್ಟರ್ ಮಳೆಗಾಲದಲ್ಲಿ. ಜೋರು ಮಳೆಗೆ ಕಲೆಕ್ಟರು ರಜೆ ಕೊಡುತ್ತಾರೆ, ಓಣಂ ರಜೆಯೂ ಇದೆ, ಕ್ಲಾಸು ತುಂಬಾ ತಪ್ಪುತ್ತದೆ. ಆದರೆ ಆಗ ಮನೆಯಲ್ಲಿ ಕೂತು ಓದಬಹುದು. ನಾಲ್ಕನೇ ಸೆಮಿಸ್ಟರ್ ಅಡಿಕೆ ಕೊಯ್ಲು, ಸುಲಿಯುವುದು, ಜಾತ್ರೆ, ಭೂತದ ನೇಮ ಎಲ್ಲದರ ನಡುವೆ ಬರುತ್ತದೆ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಬೆಳಿಗ್ಗೆ ಅಸೈನ್‌ಮೆಂಟ್ ಕೊಡುವುದು ಕಷ್ಟ, ನನಗೆ ಗೊತ್ತು. ಅದಕ್ಕೆ ಆಯ್ಕೆ ಇರುವಲ್ಲಿ ಓದು ಜಾಸ್ತಿ ಬೇಡುವ ಪೇಪರನ್ನು ಮೂರನೇ ಸೆಮಿಸ್ಟರಿಗೇ ತೆಗೆದುಕೊಳ್ಳಿ. ಎರಡು ಕ್ರೆಡಿಟಿನ ಇಂಟರ್ನ್‌ಶಿಪ್ ಬಾಕಿ ಇದ್ದರೆ ಏಪ್ರಿಲ್-ಮೇ ರಜೆಯಲ್ಲಿ ಮುಗಿಸಲು ಆಗುತ್ತದಾ ಅಂತ ಈಗಲೇ ಟ್ಯೂಟರ್ ಹತ್ತಿರ ಕೇಳಿಡಿ.

ಕನ್ನಡ ಮೈನರ್ ಬಿಟ್ಟು ಬೇರೆ ತೆಗೆದುಕೊಳ್ಳಲೇ ಅಂತಲೂ ಕೇಳಿದ್ದೀರಿ. ಬಿಡಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದು ವರ್ಷ ಕಲಿತದ್ದನ್ನು ಅರ್ಧಕ್ಕೆ ನಿಲ್ಲಿಸಿದರೆ ಅದು ಬಿಡಿ ಪೇಪರ್ ಆಗಿ ಉಳಿಯುತ್ತದೆ, ಅಷ್ಟೆ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಅವುಗಳ ಟೀಚರ್ ಕೆಲಸಕ್ಕೆ ಕೇರಳ ಪಿಎಸ್‌ಸಿ ಬೇರೆಯಾಗಿಯೇ ಕರೆಯುತ್ತದೆ. ಟೀಚರ್ ಆಗುವ ಆಸೆ ಇದ್ದರೆ ಹಿಂದೆ ಬಂದ ಒಂದು ನೋಟಿಫಿಕೇಶನ್ ತೆಗೆದು ಡಿಗ್ರಿಯಲ್ಲಿ ಯಾವ ಸಬ್ಜೆಕ್ಟ್ ಕೇಳಿದ್ದಾರೆ ಅಂತ ಓದಿ. ಕೇಳಿದ ಸಬ್ಜೆಕ್ಟ್ ನಿಮ್ಮ ಮೇಜರ್ ಅಲ್ಲದಿದ್ದರೆ, ಮೇಜರ್ ಬದಲಿಸುವ ಅವಕಾಶ ಎರಡನೇ ಸೆಮಿಸ್ಟರ್ ಮುಗಿದಾಗ, ಸೀಟು ಇದ್ದರೆ ಮಾತ್ರ. ಹಾಗಾಗಿ ನೋಟಿಫಿಕೇಶನ್ ಓದುವುದು ಈ ರಜೆಯಲ್ಲೇ ಆಗಬೇಕು. ನಾಲ್ಕನೇ ವರ್ಷದಲ್ಲಿ ರಿಸರ್ಚ್ ಮಾಡುವ ಮನಸ್ಸಿದ್ದರೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಬೇಕು, ಅದೂ ತಲೆಯಲ್ಲಿರಲಿ.

ಇನ್ನೊಂದು ಮಾತು. ಮಕ್ಕಳು ಕಡಿಮೆಯಾದರೆ ಪೇಪರ್ ನಡೆಯುವುದಿಲ್ಲ. ಕನ್ನಡದಲ್ಲಿ ಪಾಠ ಆಗುವ ಪೇಪರ್‌ಗಳಿಗೆ ಈ ಭಯ ಜಾಸ್ತಿ. ಒಬ್ಬರೇ ಮೊಬೈಲಿನಲ್ಲಿ ಆಪ್ಶನ್ ಒತ್ತಿ ಕೂರಬೇಡಿ. ಕನ್ನಡ ಗೊತ್ತಿರುವ ಗೆಳೆಯರನ್ನೆಲ್ಲ ಸೇರಿಸಿ, ರಿಜಿಸ್ಟ್ರೇಶನ್‌ಗೆ ಒಂದು ವಾರ ಮೊದಲೇ ಕನ್ನಡ ವಿಭಾಗಕ್ಕೆ ಹೋಗಿ, ನಾವು ಇಷ್ಟು ಜನ ಇದ್ದೇವೆ, ಈ ಪೇಪರ್ ಬೇಕು ಅಂತ ಹೆಸರು ಬರೆದು ಕೊಡಿ. ಕಳೆದ ವರ್ಷ ನಾವು ಹದಿನಾಲ್ಕು ಜನ ಹೀಗೆ ಹೋಗಿದ್ದೆವು. ಪೇಪರ್ ಸಿಕ್ಕಿತು.