ಕಂಪನಿ ಕೊಡೋದು ಎಷ್ಟು, ಕೈಗೆ ಬರೋದು ಎಷ್ಟು?

ಈ ಸಲದ ಪತ್ರ ಪೀಣ್ಯದಿಂದ ಬಂದಿದೆ. ಬರೆದವರು ಹದಿನೆಂಟು ವರ್ಷದ ಚಂದಾದಾರರು. ಹನ್ನೆರಡು ಜನ ಕೆಲಸಗಾರರಿರುವ ಲೇತ್ ವರ್ಕ್‌ಶಾಪ್ ನಡೆಸುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

“ಸಂಪಾದಕರೇ, ನನ್ನ ಅಕ್ಕನ ಮಗನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ವರ್ಷಕ್ಕೆ 60,000 ಯೂರೊ ಅಂತ ಮನೆಯಲ್ಲಿ ಹೋಳಿಗೆ ಊಟ ಆಯಿತು. ಆಮೇಲೆ ಕೂತು ಲೆಕ್ಕ ಹಾಕಿದರೆ ಕೈಗೆ ಬರೋದು 37,000 ಚಿಲ್ಲರೆ. ಅತ್ತ ಕಂಪನಿಗೆ ಅವನ ಮೇಲೆ ಬೀಳೋ ಖರ್ಚು 72,000ಕ್ಕೂ ಜಾಸ್ತಿ. ಹೆಚ್ಚುಕಮ್ಮಿ ಅರ್ಧ ದುಡ್ಡು ನಡುದಾರಿಯಲ್ಲೇ ಮಾಯ! ಇದು ಹಗಲು ದರೋಡೆ ಅಲ್ವಾ? ಇಷ್ಟು ಹೊರೆ ಹೊತ್ತುಕೊಂಡು ಯಾವ ಮಾಲೀಕ ತಾನೇ ಹೊಸಬರನ್ನು ತಗೋತಾನೆ? ನೀವು ಯಾವಾಗಲೂ ಕೆಲಸಗಾರರ ಪರ. ಈ ಸಲ ಮಾಲೀಕರ ಪರವಾಗಿಯೂ ನಾಲ್ಕು ಮಾತು ಬರೆಯಿರಿ. ಹಾಗೇ, ಚಂದಾ ನೂರು ರೂಪಾಯಿ ಯಾಕೆ ಜಾಸ್ತಿ ಮಾಡಿದಿರಿ ಅಂತಲೂ ಹೇಳಿ.”

ನಾಲ್ಕು ಮಾತು ಕೇಳಿದ್ದೀರಿ. ಮೊದಲು ಅದನ್ನು ಮುಗಿಸಿಬಿಡುತ್ತೇನೆ.

ಜರ್ಮನಿಯಲ್ಲಿ ಆಳಿನ ಖರ್ಚು ದುಬಾರಿ, ಅನುಮಾನವೇ ಇಲ್ಲ. ಸಂಬಳ, ವಿಮೆ ಎಲ್ಲ ಸೇರಿ 2024ರಲ್ಲಿ ಒಂದು ಗಂಟೆಯ ಕೆಲಸಕ್ಕೆ ಮಾಲೀಕನಿಗೆ ಸರಾಸರಿ 43.40 ಯೂರೊ ಬೀಳುತ್ತಿತ್ತು. ರೊಮೇನಿಯಾದಲ್ಲಿ 12.50, ಬಲ್ಗೇರಿಯಾದಲ್ಲಿ 10.60. ಮೂರೂ ಒಂದೇ ಐರೋಪ್ಯ ಒಕ್ಕೂಟದ ದೇಶಗಳು. ಅಲ್ಲಿ ಮಾಡಿದ ಬಿಡಿಭಾಗ ಲಾರಿಯಲ್ಲಿ ಜರ್ಮನಿಗೆ ಬರಲು ಸುಂಕವಿಲ್ಲ. ನಮ್ಮ ಹಿರಿಯರು ಮೈಕೋ ಎಂದೇ ಕರೆಯುತ್ತಿದ್ದ ಆಡುಗೋಡಿ ಕಾರ್ಖಾನೆಯ ತಾಯಿ ಕಂಪನಿ ಬಾಷ್, 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13,000 ಕೆಲಸ ಕಡಿಮೆ ಮಾಡುವುದಾಗಿ ಹೇಳಿತು. ಖರ್ಚು ಕಡಿಮೆ ಮಾಡಲೇಬೇಕು ಎನ್ನುವುದೇ ಅವರ ಮಾತು. ಸಣ್ಣ ವರ್ಕ್‌ಶಾಪ್‌ನ ಮಾಲೀಕ ಹೊಸಬನೊಬ್ಬನನ್ನು ಸೇರಿಸಿಕೊಳ್ಳುವ ಮುಂಚೆ ಮೂರು ರಾತ್ರಿ ನಿದ್ದೆಗೆಡುತ್ತಾನೆ ಎಂಬುದೂ ನಿಜ.

ಆಯಿತು. ಎಣಿಸಿ ನೋಡಿ, ನಾಲ್ಕಕ್ಕಿಂತ ಜಾಸ್ತಿಯೇ ಇವೆ.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ಲೆಕ್ಕ ಸರಿಯಾಗಿದೆ. ಮೈಕ್ರೊಮೀಟರ್ ಹಿಡಿದ ಕೈ, ತಪ್ಪುವುದಾದರೂ ಹೇಗೆ? ಆದರೆ ‘ಮಾಯ’ ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

2025ರ ದರ ಇಟ್ಟುಕೊಂಡು ನೋಡೋಣ. ಪಿಂಚಣಿಗೆ ಸಂಬಳದ 18.6 ಶೇಕಡಾ. ಆರೋಗ್ಯ ವಿಮೆಗೆ 14.6, ಅದರ ಮೇಲೆ ವಿಮಾ ನಿಧಿಗಳು ಸೇರಿಸುವ ಹೆಚ್ಚುವರಿ ಸರಾಸರಿ 2.5. ಕೆಲಸ ಹೋದರೆ ಸಿಗುವ ಭತ್ಯೆಗೆ 2.6. ಮುಪ್ಪಿನಲ್ಲಿ ಹಾಸಿಗೆ ಹಿಡಿದರೆ ನೋಡಿಕೊಳ್ಳುವುದಕ್ಕೆ 3.6. ಇದರಲ್ಲಿ ಅರ್ಧ ಹುಡುಗನ ಸಂಬಳದಿಂದ ಹೋಗುತ್ತದೆ, ಅರ್ಧ ಕಂಪನಿ ತನ್ನ ಕೈಯಿಂದ ಕಟ್ಟುತ್ತದೆ. ಇಪ್ಪತ್ಮೂರು ದಾಟಿಯೂ ಮಕ್ಕಳಿಲ್ಲದಿದ್ದರೆ ಹುಡುಗನಿಗೆ ಇನ್ನೊಂದು 0.6 ಶೇಕಡಾ ಜಾಸ್ತಿ. ನಿಮ್ಮ ಅಕ್ಕ ಮಗನಿಗೆ ಹೆಣ್ಣು ನೋಡುತ್ತಿದ್ದರೆ ಜರ್ಮನ್ ಸರ್ಕಾರವೂ ಅವರ ಕಡೆಗೇ ಇದೆ ಎಂದು ತಿಳಿಸಿಬಿಡಿ.

ಒಟ್ಟಿನಲ್ಲಿ ಹುಡುಗನ ಕಡೆಯಿಂದ ಸುಮಾರು 12,900, ಕಂಪನಿಯ ಕಡೆಯಿಂದ ಸುಮಾರು 12,500. ಆದಾಯ ತೆರಿಗೆ ಒಂಬತ್ತೂವರೆ ಸಾವಿರದ ಆಸುಪಾಸು. ನೀವು ಮಾಯವಾಯಿತು ಎಂದ 35,000 ಯೂರೊದಲ್ಲಿ ಸರ್ಕಾರದ ಖಜಾನೆಗೆ ನೇರವಾಗಿ ಹೋದದ್ದು ಆ ಒಂಬತ್ತೂವರೆ ಸಾವಿರ ಮಾತ್ರ. ಉಳಿದ ಇಪ್ಪತ್ತೈದು ಸಾವಿರ ಅವನ ಮುಪ್ಪಿಗೆ, ಅವನ ಆಸ್ಪತ್ರೆಗೆ, ಅವನ ಕೆಟ್ಟ ಕಾಲಕ್ಕೆ ಎಂದು ತೆಗೆದಿಟ್ಟದ್ದು. ಅಲ್ಲಿ ಇವತ್ತಿನವರು ಕಟ್ಟಿದ ದುಡ್ಡು ಇವತ್ತಿನ ಮುದುಕರಿಗೇ ಹೋಗುತ್ತದೆ, ಅದು ಬೇರೆ ಮಾತು. ನಾಳೆ ಇವನು ಮುದುಕನಾದಾಗ ಆವತ್ತಿನ ಹುಡುಗರು ಕಟ್ಟುತ್ತಾರೆ.

ವಾಪಸ್ ಬಂದರೆ ಎಲ್ಲ ಗಂಗಾರ್ಪಣ ಅಂತ ನೀವು ಹೇಳಬಹುದು. ಹಾಗಿಲ್ಲ. ಭಾರತಕ್ಕೂ ಜರ್ಮನಿಗೂ ಸಾಮಾಜಿಕ ಭದ್ರತೆಯ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಎರಡೂ ಕಡೆ ಕಟ್ಟಿದ ವರ್ಷಗಳನ್ನು ಅರ್ಹತೆಗೆ ಕೂಡಿಸಿಕೊಳ್ಳಬಹುದು. ಪಿಂಚಣಿಯನ್ನು ರಾಜಾಜಿನಗರದಲ್ಲಿ ಕೂತೂ ಪಡೆಯಬಹುದು.

ಇನ್ನು 60,000 ದೊಡ್ಡದೋ ಸಣ್ಣದೋ? 2024ರಲ್ಲಿ ಅಲ್ಲಿ ಪೂರ್ಣಾವಧಿ ಕೆಲಸ ಮಾಡುವವರ ಸರಾಸರಿ ವರ್ಷದ ಸಂಬಳ 62,235 ಯೂರೊ. ಆದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನಿಗೆ 52,159 ಮಾತ್ರ. ಹತ್ತು ಸಾವಿರದ ಈ ಅಂತರ ಹೇಗೆ ಬಂತು? ಸಾಲಿನ ತುದಿಯಲ್ಲಿರುವ ನೂರಕ್ಕೊಬ್ಬರು 2,13,286ಕ್ಕಿಂತ ಮೇಲೆ ಎಣಿಸುತ್ತಾರೆ. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಬಿಲ್ಡರ್ ಬಂಗಲೆ ಕಟ್ಟಿಸಿದ ಮೇಲೆ ಬೀದಿಯ ಸರಾಸರಿ ಏರಿದೆ. ನನ್ನ ಮನೆ ಮಾತ್ರ ಈಗಲೂ ಸೋರುತ್ತದೆ. ಪತ್ರಿಕೆಗಳಲ್ಲಿ ‘ಸರಾಸರಿ ಸಂಬಳ’ ಎಂಬ ತಲೆಬರಹ ಕಂಡಾಗಲೆಲ್ಲ ನನಗೆ ಆ ಬಂಗಲೆ ಕಣ್ಣಮುಂದೆ ಬರುತ್ತದೆ. ನಿಮ್ಮ ಅಳಿಯ ಸರಾಸರಿಗಿಂತ ಸ್ವಲ್ಪ ಕೆಳಗೆ, ನಡುವಿನವನಿಗಿಂತ ಚೆನ್ನಾಗಿಯೇ ಮೇಲೆ. ಹೋಳಿಗೆ ಊಟ ದಂಡವಾಗಲಿಲ್ಲ.

ಹೋದ ವರ್ಷ ಮ್ಯೂನಿಕ್‌ನಲ್ಲಿ ನನ್ನ ತಮ್ಮನ ಮಗಳ ಮನೆಯಲ್ಲಿ ಎರಡು ತಿಂಗಳಿದ್ದೆ. ಒಂದು ರಾತ್ರಿ ಅವಳಿಗೆ ತಡೆಯಲಾರದ ಹೊಟ್ಟೆನೋವು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು ಅಂದರು. ನಾನು ಬೆಂಗಳೂರಿನವನು ನೋಡಿ, ಮೊದಲು ಬಾಯಿಗೆ ಬಂದದ್ದೇ “ಅಡ್ವಾನ್ಸ್ ಎಷ್ಟು ಕಟ್ಟಬೇಕಮ್ಮಾ?” ಜೇಬಿನಲ್ಲಿ ಇನ್ನೂರೈವತ್ತು ಯೂರೊ ಇತ್ತು, ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಷ್ಟು ನೋವಿನಲ್ಲೂ ಅವಳು ನಕ್ಕಳು. “ಕಾರ್ಡ್ ತೋರಿಸಿದ್ದೀನಿ ದೊಡ್ಡಪ್ಪ, ಅಷ್ಟೇ.” ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಬಿಲ್ಲು ಆಮೇಲೆ ಅಂಚೆಯಲ್ಲಿ ಮನೆಗೆ ಬಂತು. ದಿನಕ್ಕೆ ಹತ್ತು ಯೂರೊದಂತೆ ನಲವತ್ತು ಯೂರೊ.

ಅವಳು ಮತ್ತೆ ಹದಿನೈದು ದಿನ ಮನೆಯಲ್ಲಿದ್ದಳು. ಸಂಬಳದಲ್ಲಿ ಒಂದು ಸೆಂಟ್ ಕೂಡ ಕಡಿತವಿಲ್ಲ. ಆಫೀಸಿಗೆ ಒಂದು ಫೋನ್ ಮಾಡಿದಳು, ಅಷ್ಟೇ. ಡಾಕ್ಟರ ಚೀಟಿಯನ್ನು ಕಂಪನಿಯೇ ವಿಮಾ ನಿಧಿಯಿಂದ ಕಂಪ್ಯೂಟರ್‌ನಲ್ಲಿ ತರಿಸಿಕೊಳ್ಳುತ್ತದೆ, 2023ರಿಂದ ಆ ಪದ್ಧತಿ ಬಂದಿದೆ. ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ ಕಂಪನಿಯೇ ಕೊಡಬೇಕು. ಅದರಾಚೆ ವಿಮಾ ನಿಧಿ ಸಂಬಳದ ಒಂದು ಪಾಲು ಕೊಡುತ್ತದೆ. ನೀವು ‘ಹೊರೆ’ ಎಂದು ಬರೆದ ಖರ್ಚಿನಲ್ಲಿ ಈ ಆರು ವಾರವೂ ಇದೆ.

ಆ ಆರು ವಾರ ಪುಕ್ಕಟೆ ಬಂದದ್ದಲ್ಲ. ಜರ್ಮನಿಯ ಆಗಿನ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಆರೋಗ್ಯ ವಿಮೆ ತಂದ, ಮಾರನೇ ವರ್ಷ ಅಪಘಾತ ವಿಮೆ, 1889ರಲ್ಲಿ ಪಿಂಚಣಿ. ಕೆಲಸಗಾರರ ಮೇಲಿನ ಪ್ರೀತಿಯಿಂದಲ್ಲ. ಅವರು ಸಮಾಜವಾದಿಗಳ ಕಡೆ ಹೋಗಿಬಿಡುತ್ತಾರೆಂಬ ಭಯದಿಂದ. ಪಿಂಚಣಿ ಸಿಗುತ್ತಿದ್ದದ್ದು ಎಪ್ಪತ್ತು ತುಂಬಿದ ಮೇಲೆ. ಆ ಕಾಲದಲ್ಲಿ ಗಣಿಯಲ್ಲಿ ದುಡಿದು ಎಪ್ಪತ್ತು ದಾಟಿದವರು ಎಷ್ಟು ಜನ ಸಿಕ್ಕಾರು?

ಅದಾಗಿ ಎಪ್ಪತ್ತು ವರ್ಷವಾದರೂ ಒಂದು ಭೇದ ಹಾಗೇ ಉಳಿದಿತ್ತು. ಆಫೀಸಿನಲ್ಲಿ ಕೂತು ಬರೆಯುವ ಗುಮಾಸ್ತನಿಗೆ ಕಾಯಿಲೆ ಬಂದರೆ ಆರು ವಾರ ಪೂರ್ತಿ ಸಂಬಳ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುವವನಿಗೆ ಮೊದಲ ಮೂರು ದಿನ ಏನೂ ಇಲ್ಲ, ಆಮೇಲೆ ವಿಮೆಯಿಂದ ಬಂದಷ್ಟು. ಜ್ವರಕ್ಕೆ ಗುಮಾಸ್ತ ಯಾರು, ವೆಲ್ಡರ್ ಯಾರು ಅಂತ ಗೊತ್ತೇ? 1956ರ ಅಕ್ಟೋಬರ್ 24ರಂದು ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ಲೋಹ ಕೈಗಾರಿಕೆಯ ಕೆಲಸಗಾರರು ಮುಷ್ಕರ ಹೂಡಿದರು. ಕೀಲ್ ನಗರದ ಹಡಗುಕಟ್ಟೆಗಳು ಬಂದ್. ಮೂವತ್ತು ಸಾವಿರಕ್ಕೂ ಜಾಸ್ತಿ ಜನ. ಅಲ್ಲಿನ ಚಳಿಗಾಲ ನಿಮಗೆ ಗೊತ್ತಿಲ್ಲ, ನಿಮ್ಮ ಅಳಿಯ ಇನ್ನು ಬರೆದು ತಿಳಿಸುತ್ತಾನೆ. ಕ್ರಿಸ್‌ಮಸ್ ಬಂತು, ಹೋಯಿತು. ಹೊಸ ವರ್ಷ ಬಂತು. ಮುಷ್ಕರ ನಡೆದದ್ದು 114 ದಿನ. ಕೇಳಿದ್ದು ಕೂಲಿ ಹೆಚ್ಚಳಕ್ಕಿಂತ ಮುಖ್ಯವಾಗಿ ಕಾಯಿಲೆ ಬಿದ್ದ ದಿನಗಳ ಸಂಬಳ.

1957ರಲ್ಲೇ ಕಾನೂನು ಬಂತು, ಆದರೆ ಅರೆಬರೆ. ಗುಮಾಸ್ತನೂ ವೆಲ್ಡರೂ ಪೂರ್ತಿ ಸಮ ಆದದ್ದು 1970ರ ಜನವರಿಯಿಂದ. ನಡುವೆ ಒಂದು ತಮಾಷೆಯೂ ಆಯಿತು. 1958ರಲ್ಲಿ ಕಾರ್ಮಿಕ ನ್ಯಾಯಾಲಯ, ಮುಷ್ಕರಕ್ಕೆ ಮುಂಚೆ ನಡೆದುಕೊಂಡ ರೀತಿ ಒಪ್ಪಂದಕ್ಕೆ ವಿರುದ್ಧ, ನಷ್ಟ ತುಂಬಿಕೊಡಿ ಅಂತ ಮುಷ್ಕರ ಹೂಡಿದ ಕಾರ್ಮಿಕ ಸಂಘಕ್ಕೇ ಹೇಳಿತು. ಗೆದ್ದವರೇ ದಂಡದ ತೀರ್ಪು ಕೇಳಬೇಕಾಯಿತು.

1996ರಲ್ಲಿ ಹೆಲ್ಮುಟ್ ಕೋಲ್ ಸರ್ಕಾರ ಕಾಯಿಲೆಯ ಸಂಬಳವನ್ನು 80 ಶೇಕಡಾಕ್ಕೆ ಇಳಿಸಿತು. ಮಾಲೀಕರ ಹೊರೆ ಇಳಿಸಬೇಕಂತೆ, ನಿಮ್ಮದೇ ಪದ. ಜನ ಬೀದಿಗೆ ಬಂದರು. ಹೊಸ ಸರ್ಕಾರ 1999ರಿಂದ ಮತ್ತೆ ನೂರಕ್ಕೆ ನೂರು ಮಾಡಿತು. 2025ರ ಜನವರಿಯಲ್ಲಿ ಅಲಿಯಾನ್ಸ್ ವಿಮಾ ಕಂಪನಿಯ ಮುಖ್ಯಸ್ಥ ಓಲಿವರ್ ಬೇಟೆ ಕಾಯಿಲೆಯ ಮೊದಲ ದಿನದ ಸಂಬಳ ಕೊಡುವುದು ಬೇಡ ಎಂದು ಹಳೇ ರಾಗ ತೆಗೆದರು. ಕೀಲ್‌ನ ಆ 114 ದಿನ ಅವರಿಗೆ ಯಾರೂ ನೆನಪಿಸಲಿಲ್ಲವೇನೋ.

ಕೀಲ್ ಎಂದರೆ ನನಗೆ ಇನ್ನೊಂದು ಜಾಗ ನೆನಪಾಗುತ್ತದೆ. ಕರಡು ತಿದ್ದುವ ಕೆಲಸಕ್ಕೆ ನಾನು ಸೇರಿದ್ದು 1984ರಲ್ಲಿ, ಬೆಂಗಳೂರಿನ ಒಂದು ಪ್ರೆಸ್‌ನಲ್ಲಿ. ಒಟ್ಟು ಹನ್ನೆರಡು ಜನ ಇದ್ದೆವು. ಹಾಜರಿ ಪುಸ್ತಕದಲ್ಲಿ ಒಂಬತ್ತು. ಜನ ಜಾಸ್ತಿ ತೋರಿಸಿದರೆ ಕೆಲಸಗಾರರ ವಿಮೆ, ಇ.ಎಸ್.ಐ., ಕಟ್ಟಬೇಕಲ್ಲ! ಇನ್‌ಸ್ಪೆಕ್ಟರ್ ಬರುವ ಸುದ್ದಿ ಹೇಗೋ ಮುಂಚೆಯೇ ಸಿಗುತ್ತಿತ್ತು. ಪುಸ್ತಕದಲ್ಲಿಲ್ಲದ ಮೂವರು ಹಿಂದಿನ ಬಾಗಿಲಿಂದ ಟೀ ಅಂಗಡಿಗೆ. ನಾನು ಒಬ್ಬ, ಬೈಂಡಿಂಗ್ ಹುಡುಗ ಒಬ್ಬ, ಒಬ್ಬ ಕಂಪಾಸಿಟರ್. ಟೀ ದುಡ್ಡು ಮಾಲೀಕರದೇ. ನಮಗಿದ್ದ ಸವಲತ್ತು ಅದೊಂದೇ.

ಆ ಕಂಪಾಸಿಟರ್‌ಗೆ ಕಾಮಾಲೆ ಆಯಿತು. ಇಪ್ಪತ್ಮೂರು ದಿನ ಬರಲಿಲ್ಲ. ಏಳನೇ ತಾರೀಕು ಅವನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ಸಂಬಳಕ್ಕೆ ಬಂದರು. ಮಾಲೀಕರು ಪುಸ್ತಕ ತೆರೆದರು. ಅದರಲ್ಲಿ ಅವನ ಹೆಸರೇ ಇಲ್ಲ ಅಂತ ನೆನಪಾಗಿ ಮುಚ್ಚಿದರು. ಬೆರಳಲ್ಲಿ ಎಣಿಸಿ ಮೂರು ದಿನದ ಕೂಲಿ ಕೊಟ್ಟರು. ಆಮೇಲೆ ತಮ್ಮ ಜೇಬಿನಿಂದ ಐವತ್ತು ರೂಪಾಯಿ ತೆಗೆದು “ಸಾಲ ಅಲ್ಲಮ್ಮಾ, ಇಟ್ಕೋ” ಅಂದರು. ಕೆಟ್ಟವರೇನಲ್ಲ ಅವರು. ಆಕೆ ಆ ಐವತ್ತನ್ನು ಸೆರಗಿಗೆ ಕಟ್ಟಿಕೊಳ್ಳುವಾಗ ತಲೆ ಎತ್ತಲಿಲ್ಲ. ಮ್ಯೂನಿಕ್‌ನಲ್ಲಿ ತಮ್ಮನ ಮಗಳು ಸೋಫಾ ಮೇಲೆ ಕಾಲು ಚಾಚಿ ಸಂಬಳದ ಚೀಟಿ ತೋರಿಸಿದಾಗ ಎಲ್ಲಿಂದಲೋ ಆ ಸೆರಗಿನ ಗಂಟು ಕಣ್ಣಮುಂದೆ ಬಂತು.

ಕೋಪ ಮಾಡಿಕೊಳ್ಳಬೇಡಿ, ನಿಮ್ಮನ್ನು ಆ ಮಾಲೀಕರ ಪಕ್ಕ ಕೂರಿಸುತ್ತಿಲ್ಲ. ಹನ್ನೆರಡು ಜನಕ್ಕೂ ಇ.ಎಸ್.ಐ. ಕಟ್ಟುತ್ತೇನೆ ಅಂತ ಹಿಂದೊಮ್ಮೆ ನೀವೇ ಬರೆದಿದ್ದಿರಿ. ನನ್ನ ಸಿಟ್ಟು ನಿಮ್ಮ ವರ್ಕ್‌ಶಾಪ್ ಮೇಲಲ್ಲ, ಗಾಜಿನ ಕಟ್ಟಡಗಳ ಮೇಲೆ.

ನಮ್ಮ ಪಕ್ಕದ ಮನೆ ಹುಡುಗನಿಗೆ ಈಚೆಗೆ ಹನ್ನೆರಡು ಲಕ್ಷದ ಆಫರ್ ಬಂತು. ಕಾಗದ ತಂದು ತೋರಿಸಿದ. ಸಿ.ಟಿ.ಸಿ., ಅಂದರೆ ಕಂಪನಿಗೆ ಅವನ ಮೇಲೆ ಬೀಳೋ ಒಟ್ಟು ಖರ್ಚು, ಹನ್ನೆರಡು ಲಕ್ಷ. ಕೆಳಗೆ ಸಣ್ಣ ಅಕ್ಷರದಲ್ಲಿ ನೋಡುತ್ತೇನೆ, ಕಂಪನಿ ಕಟ್ಟಬೇಕಾದ ಪಿ.ಎಫ್. ಪಾಲು ಅದರಲ್ಲೇ ಇದೆ. ಐದು ವರ್ಷ ಇದ್ದರೆ ಮಾತ್ರ ಸಿಗುವ ಗ್ರ್ಯಾಚುಟಿ, ಮೂಲ ವೇತನದ 4.81 ಶೇಕಡಾ, ಅದೂ ಅದರಲ್ಲೇ. ಗುಂಪು ವಿಮೆಯ ಕಂತು, ಸಿಕ್ಕರೂ ಸಿಗಬಹುದಾದ ಬೋನಸ್ಸು, ಎಲ್ಲ ಅದರಲ್ಲೇ. ಮಾಲೀಕ ತನ್ನ ಕೈಯಿಂದ ಕೊಡಬೇಕಾದದ್ದನ್ನೂ ಹುಡುಗನ ಸಂಬಳ ಅಂತ ತೋರಿಸುವ ಜಾಣತನ ಇದು. ನಿಮ್ಮ ಅಳಿಯನ 60,000ದಲ್ಲಿ ಕಂಪನಿಯ ಆ ಹನ್ನೆರಡೂವರೆ ಸಾವಿರ ಸೇರಿಲ್ಲ. ಅದು ಬೇರೆಯೇ. ನಮ್ಮ ಎಚ್.ಆರ್. ಮಹಾಶಯರು ಅದೇ ಕಾಗದ ಬರೆದಿದ್ದರೆ 72,500 ಅಂತ ದಪ್ಪಕ್ಷರದಲ್ಲಿ ಬರೆಯುತ್ತಿದ್ದರು. ನೀವು ಹೋಳಿಗೆ ಜೊತೆ ಜಾಮೂನನ್ನೂ ಮಾಡಿಸುತ್ತಿದ್ದಿರಿ.

ಇನ್ನು ಮನೆಮನೆಗೆ ಊಟ ತಂದುಕೊಡುವ ಹುಡುಗರಿಗೆ ಈ ಸಿ.ಟಿ.ಸಿ.ಯೂ ಇಲ್ಲ. ಅವರಿಗಾಗಿ ಕರ್ನಾಟಕ 2025ರಲ್ಲಿ ಕಾನೂನು ಮಾಡಿತು. ಹುಡುಗರಿಗೆ ಕೊಡುವ ಪ್ರತಿ ಸಲದ ಪಾವತಿಯ ಮೇಲೆ ಕಂಪನಿಗಳು 1ರಿಂದ 5 ಶೇಕಡಾ ಕಲ್ಯಾಣ ಶುಲ್ಕ ಕೊಡಬೇಕು. ಆ ಮಸೂದೆ ಚರ್ಚೆಗೆ ಬಂದಾಗಲೂ ಕೇಳಿಸಿದ್ದು ಹೊರೆ, ಹೊರೆ ಅಂತಲೇ. ಮಳೆಯಲ್ಲಿ ಬೆನ್ನಿಗೆ ಆ ಚೌಕಾಕಾರದ ಚೀಲ ಕಟ್ಟಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಹುಡುಗನನ್ನು ಕೇಳಬೇಕಿತ್ತು, ಹೊರೆ ಯಾವುದಪ್ಪಾ ಅಂತ.

ಎಲ್ಲಿಂದೆಲ್ಲಿಗೋ ಬಂದೆ. ಅಳಿಯನಿಗೆ ಒಂದು ಮಾತು ಹೇಳಿ. ಅಲ್ಲಿ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆದವರಿಂದ ಚರ್ಚ್ ತೆರಿಗೆ ಹಿಡಿಯುತ್ತಾರೆ, ಸ್ಟುಟ್‌ಗಾರ್ಟ್ ಕಡೆ ಆದಾಯ ತೆರಿಗೆಯ ಎಂಟು ಶೇಕಡಾ. ನಿಮ್ಮ ಹುಡುಗನಿಗೆ ಅದು ಬೀಳುವುದಿಲ್ಲ. ಆದರೂ ಅವಸರದಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕದಿರಲಿ.

ಚಂದಾ ವಿಷಯ. ಕಾಗದದ ಬೆಲೆ ಏರಿದೆ ಅಂತ ಸುಲಭವಾಗಿ ಹೇಳಿಬಿಡಬಹುದಿತ್ತು. ಏರಿರುವುದೂ ನಿಜ. ಆದರೆ ನೂರರಲ್ಲಿ ಹೆಚ್ಚಿನ ಪಾಲು ಅದಕ್ಕಲ್ಲ. ನಮ್ಮ ಕಚೇರಿಯಲ್ಲಿ ಈಗ ಹನ್ನೊಂದು ಜನ ಇದ್ದೇವೆ. ಹಾಜರಿ ಪುಸ್ತಕದಲ್ಲೂ ಹನ್ನೊಂದು.