ಹುಟ್ಟಿದ ಮೇಲೆ ಜೀಕಾ ತಗುಲಿದರೆ ಮಿದುಳಿಗೆ ಏನೂ ಆಗಲ್ವಾ?

ಜೀಕಾ ವೈರಸ್ ಗರ್ಭದಲ್ಲಿರುವ ಕೂಸಿಗೆ ಮಾತ್ರ ಅಪಾಯ, ಹುಟ್ಟಿದ ಮರಿಕೋತಿಯ ಮಿದುಳಿಗೆ ಏನೂ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ. ಅಷ್ಟು ಸಲೀಸಾಗಿ ಹೇಳೋಕಾಗಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ತಂಡ 5 ವಾರದ ರೀಸಸ್ ಕೋತಿಮರಿಗಳಿಗೆ ಈ ಸೋಂಕು ಕೊಟ್ಟು ನೋಡಿತ್ತು, 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ವೈರಸ್ ರಕ್ತದಲ್ಲೇ ನಿಲ್ಲಲಿಲ್ಲ, ಮಿದುಳಿಗೂ ನರಗಳಿಗೂ ಹೋಗಿತ್ತು. ಅಲ್ಲಿ ಉರಿಯೂತ ಕಂಡಿತು, ಜೀವಕೋಶಗಳೂ ಸತ್ತಿದ್ದವು.

ನನಗೆ ಮುಖ್ಯ ಅನಿಸಿದ್ದು ಆಮೇಲಿನ ಕಥೆ. ರಕ್ತದಲ್ಲಿ ವೈರಸ್ ಪತ್ತೆಯೇ ಇಲ್ಲದಂತಾಗಿ ತಿಂಗಳುಗಳು ಕಳೆದ ಮೇಲೂ ಎಂಆರ್‌ಐನಲ್ಲಿ ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳು ದೊಡ್ಡದಾಗೇ ಇದ್ದವು, ಭಯ-ಭಾವನೆ ನೋಡಿಕೊಳ್ಳುವ ಅಮಿಗ್ಡಲಾಕ್ಕೂ ನೆನಪಿನ ಹಿಪೊಕ್ಯಾಂಪಸ್‌ಗೂ ನಡುವಿನ ಸಂಪರ್ಕ ಸಡಿಲವಾಗಿತ್ತು. ಒತ್ತಡದ ಹೊತ್ತಿನಲ್ಲಿ ಆ ಮರಿಗಳ ವರ್ತನೆಯೂ ಬೇರೆಯೇ. ಅಂದ್ರೆ ಜ್ವರ ಬಿಟ್ಟಿತು ಅಂತ ಸುಮ್ನೆ ಕೂರೋ ಹಾಗಿಲ್ಲ.

ಆದ್ರೆ ಒಂದು ಮಾತು: ಹೀಗೆ ತಿಂಗಳುಗಟ್ಟಲೆ ಗಮನಿಸಿದ್ದು ಸೋಂಕಿನ 2 ಮರಿಗಳನ್ನು ಮಾತ್ರ. ಎಚ್ಚರಿಕೆ ಅಂತ ತಗೊಳ್ಳಿ, ಮನುಷ್ಯರ ಮಕ್ಕಳಿಗೂ ಹೀಗೇ ಆಗುತ್ತೆ ಅನ್ನೋಕೆ ಇಷ್ಟು ಸಾಲದು. (ಅಂದಹಾಗೆ, ಈ ವೈರಸ್ ಮೊದಲು ಸಿಕ್ಕಿದ್ದೂ ರೀಸಸ್ ಕೋತಿಯಲ್ಲೇ, 1947ರಲ್ಲಿ, ಉಗಾಂಡಾದ ಜೀಕಾ ಕಾಡಿನಲ್ಲಿ.)