ನೀಲಿ ಹಿಡಿದದ್ದೆಲ್ಲ ಡಿಎನ್‌ಎ ಅಲ್ಲ

ಪ್ರಶ್ನೆ: ನೀರುಳ್ಳಿ ಸಿಪ್ಪೆಗೆ ಮೆಥಿಲೀನ್ ಬ್ಲೂ ಹಾಕಿ ನೋಡಿದಾಗ ಕೋಶಕೇಂದ್ರವು ಕಡುನೀಲಿಯಾಗಿ ಕಾಣಿಸಿತು. ಅದು ಡಿಎನ್‌ಎ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬಹುದೇ? ಡಿಎನ್‌ಎ, ಆರ್‌ಎನ್‌ಎಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಲು ಸಾಧ್ಯವೇ?
– ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ‘ಕೋಶಕೇಂದ್ರ ಕಾಣಿಸಿತು’ ಎಂದಷ್ಟೇ ಬರೆಯಿರಿ. ಮೆಥಿಲೀನ್ ಬ್ಲೂ ಧನ ವಿದ್ಯುದಂಶವುಳ್ಳ ವರ್ಣಕವಾದ್ದರಿಂದ ಋಣ ವಿದ್ಯುದಂಶವಿರುವ ಫಾಸ್ಫೇಟ್ ಗುಂಪುಗಳಿಗೆ ಅಂಟಿಕೊಳ್ಳುತ್ತದೆ. ಅಂತಹ ಗುಂಪುಗಳು ಡಿಎನ್‌ಎ, ಆರ್‌ಎನ್‌ಎ ಎರಡರಲ್ಲೂ ಇವೆ. ಸಿಪ್ಪೆಯ ಕೋಶಭಿತ್ತಿಯೂ ತುಸು ನೀಲಿಯಾದದ್ದನ್ನು ನೀವು ಗಮನಿಸಿರಬಹುದು.

ಡಿಎನ್‌ಎಯನ್ನು ಮಾತ್ರ ತೋರಿಸಬೇಕಾದರೆ ರಾಬರ್ಟ್ ಫೋಯ್ಲ್‌ಗೆನ್ 1924ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ನಂಬಿಕೆಗೆ ಅರ್ಹವಾಗಿದೆ. ಬೇರಿನ ತುದಿಯನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾರರಿಕ್ತ (ನೀರು ಬೆರೆಸಿದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಟ್ಟಾಗ ಡಿಎನ್‌ಎಯ ಪ್ಯೂರಿನ್‌ಗಳು (ಅಡೆನಿನ್, ಗ್ವಾನಿನ್ ಎಂಬ ಪ್ರತ್ಯಾಮ್ಲಗಳು) ಕಳಚಿಹೋಗಿ, ಅದರ ಸಕ್ಕರೆಯಲ್ಲಿ ಆಲ್ಡಿಹೈಡ್ ಗುಂಪುಗಳು ತೆರೆದುಕೊಳ್ಳುತ್ತವೆ. ಆಲ್ಡಿಹೈಡ್‌ಗಳನ್ನು ಗುರುತಿಸುವ ಶಿಫ್ ದ್ರಾವಣವು ಇವುಗಳೊಡನೆ ವರ್ತಿಸಿ ಕೆನ್ನೇರಳೆ ಬಣ್ಣ ಕೊಡುತ್ತದೆ. ಆರ್‌ಎನ್‌ಎಯ ಸಕ್ಕರೆ ಬೇರೆಯಾದ್ದರಿಂದ ಅದಕ್ಕೆ ಈ ಬಣ್ಣ ಬರುವುದಿಲ್ಲ.

ಎರಡನ್ನೂ ಒಂದೇ ಸ್ಲೈಡಿನಲ್ಲಿ ಕಾಣಲು ಮೆಥಿಲ್ ಗ್ರೀನ್–ಪೈರೋನಿನ್ ಮಿಶ್ರಣವಿದೆ. ಡಿಎನ್‌ಎ ಹಸಿರು-ನೀಲಿಯಾಗಿಯೂ, ಕಿರುಕೇಂದ್ರ (ನ್ಯೂಕ್ಲಿಯೋಲಸ್) ಮತ್ತು ಕೋಶದ್ರವ್ಯದಲ್ಲಿರುವ ಆರ್‌ಎನ್‌ಎ ಕೆಂಪಾಗಿಯೂ ಕಾಣುತ್ತವೆ. ಇದಕ್ಕೆ ಸಿಪ್ಪೆಗಿಂತ ನೀರುಳ್ಳಿಯ ಬೇರಿನ ತುದಿಯೇ ಮೇಲು, ಏಕೆಂದರೆ ಬೆಳೆಯುತ್ತಿರುವ ಕೋಶಗಳಲ್ಲಿ ಆರ್‌ಎನ್‌ಎ ಇರುವ ರೈಬೋಸೋಮ್‌ಗಳು ಹೇರಳವಾಗಿರುತ್ತವೆ. ಅಂಗಡಿಯಲ್ಲಿ ಸಿಗುವ ಮೆಥಿಲ್ ಗ್ರೀನ್‌ನಲ್ಲಿ ನೇರಳೆ ವರ್ಣಕವೂ ಬೆರೆತಿರುವುದುಂಟು. ಅದನ್ನು ಮೊದಲು ಕ್ಲೋರೋಫಾರ್ಮ್‌ನಿಂದ ತೆಗೆಯಬೇಕು. ಈ ಕೆಲಸವನ್ನು ಅಧ್ಯಾಪಕರಿಗೇ ಬಿಡಿ.

ಆಕ್ರಿಡೀನ್ ಆರೆಂಜ್ ಎಂಬ ಹೊಳೆಯುವ ವರ್ಣಕವೂ ಇದೆ. ನೀಲಿ ಬೆಳಕಿನಲ್ಲಿ ಅದು ಎರಡೆಳೆಯ ಡಿಎನ್‌ಎಯೊಳಗೆ ನುಸುಳಿದಲ್ಲಿ ಹಸಿರಾಗಿ, ಒಂಟಿ ಎಳೆಯ ಆರ್‌ಎನ್‌ಎಯ ಮೇಲೆ ಗುಂಪುಗೂಡಿದಲ್ಲಿ ಕೆಂಪಾಗಿ ಬೆಳಗುತ್ತದೆ. ಆದರೆ ಇದಕ್ಕೆ ಫ್ಲೂರೊಸೆನ್ಸ್ ಸೂಕ್ಷ್ಮದರ್ಶಕ ಬೇಕು. ಮಣಿಪಾಲ ಅಥವಾ ದೇರಳಕಟ್ಟೆಯ ವೈದ್ಯಕೀಯ ಕಾಲೇಜಿನಲ್ಲಿ ಪರಿಚಿತರಿದ್ದರೆ ವಿಚಾರಿಸಬಹುದು. ಈ ವರ್ಣಕವು ಡಿಎನ್‌ಎಗೆ ಅಂಟುವ ವಸ್ತುವಾದ್ದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಜೀವಂತ ಕೋಶಗಳಲ್ಲಿ ಆಮ್ಲೀಯವಾದ ಲೈಸೋಸೋಮ್‌ಗಳೂ (ಜೀರ್ಣಕಾರಿ ಚೀಲಗಳೂ) ಕೆಂಪಾಗಿಯೇ ಹೊಳೆಯುವುದರಿಂದ ಕೆಂಪೆಲ್ಲವನ್ನೂ ಆರ್‌ಎನ್‌ಎ ಎಂದು ಎಣಿಸುವಂತಿಲ್ಲ.

ಬಣ್ಣವೊಂದೇ ಸಾಕ್ಷ್ಯವಾಗದು ಎಂಬ ಕಾರಣಕ್ಕೇ ಸಂಶೋಧಕರು ಇನ್ನೊಂದು ಸ್ಲೈಡನ್ನು ಮೊದಲು ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಕಿಣ್ವದಲ್ಲಿಟ್ಟು, ಅನಂತರ ಪೈರೋನಿನ್ ಹಾಕುತ್ತಾರೆ. ಅಲ್ಲಿ ಕೆಂಪು ಮಾಯವಾದರೆ ಮೊದಲ ಸ್ಲೈಡಿನ ಕೆಂಪು ಆರ್‌ಎನ್‌ಎಯದ್ದೇ ಎಂದು ಬರೆಯಬಹುದು. ಕಿಣ್ವದಲ್ಲಿ ಡಿಎನ್‌ಎಯನ್ನು ಕತ್ತರಿಸುವ ಕಲಬೆರಕೆ ಉಳಿಯದಂತೆ ಅದನ್ನು ಮೊದಲೇ ಕುದಿಸುವ ರೂಢಿಯಿದೆ. ಆರ್‌ಎನ್‌ಏಸ್ ಆ ಬಿಸಿಯನ್ನು ತಾಳಿಕೊಳ್ಳುತ್ತದೆ.